ಪಿಕಪ್ ಕ್ಯಾಬಿನ್‌ನೊಳಗೆ ಹೊಗೆ ವಾಸನೆ: ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚುವುದು ಹೇಗೆ?

ನನ್ನ ಗಾಡಿಯೊಳಗೆ ಹೊಗೆ ವಾಸನೆ ಇದೆ ಅಂತ ಮೊದಲು ಹೇಳಿದ್ದು ಬಾಕ್ಸ್ ಇಳಿಸಲು ಬಂದ ಹುಡುಗ. ಕೋಲಾರದ ಎಪಿಎಂಸಿ ಗೇಟಿನ ಮುಂದೆ ಟೊಮೆಟೊ ಲೋಡ್ ಹಾಕಿಕೊಂಡು ಸಾಲಿನಲ್ಲಿ ನಿಂತಿದ್ದೆ. ಮಳೆ ಹನಿಯುತ್ತಿತ್ತು, ಗ್ಲಾಸ್ ಏರಿಸಿದ್ದೆ. ಅವನು ಪಕ್ಕದಲ್ಲಿ ಹತ್ತಿ ಕೂತು ಐದು ನಿಮಿಷವೂ ಆಗಿರಲಿಲ್ಲ. “ಅಣ್ಣಾ, ಏನಿದು, ಸೈಲೆನ್ಸರ್ ಒಳಗೇ ಇಟ್ಕೊಂಡಿದ್ದೀರಾ?” ಅಂದ. ನನಗೆ ಚೂರೂ ವಾಸನೆ ಬರುತ್ತಿರಲಿಲ್ಲ. ಎರಡು ತಿಂಗಳಿಂದ ತಲೆನೋವು ಮಾತ್ರ ಇತ್ತು. ಮಂಡಿಗೆ ರಾತ್ರಿ ನಿದ್ದೆಗೆಟ್ಟು ಬರುತ್ತೇನಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಮೂಗು ಇರುವುದೇ ಹಾಗೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಅದನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದಕ್ಕೆ ಈ ಹುಡುಕಾಟದ ಮೊದಲ ಸಲಕರಣೆ ಸ್ಪ್ಯಾನರ್ ಅಲ್ಲ, ಇನ್ನೊಬ್ಬರ ಮೂಗು. ಮನೆಯವರನ್ನೋ ಪಕ್ಕದ ಗಾಡಿಯವರನ್ನೋ ಹತ್ತಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಖರ್ಚಿಲ್ಲದ ಪರೀಕ್ಷೆ.

ತಲೆನೋವು, ತಲೆಸುತ್ತು, ತೂಕಡಿಕೆ ಇದ್ದರೆ ಹುಡುಕಾಟ ಆಮೇಲೆ

ಗಾಡಿಯೊಳಗಿದ್ದಾಗ ತಲೆನೋವು ಶುರುವಾಗಿ, ಇಳಿದು ಗಾಳಿಗೆ ನಿಂತರೆ ಕಮ್ಮಿಯಾಗುತ್ತದಾ? ಜೊತೆಗೆ ಕೂತವರಿಗೂ ಹಾಗೇ ಆಗುತ್ತದಾ? ವಾಕರಿಕೆ, ಕಣ್ಣು ಮಂಜು, ಅಕಾಲದಲ್ಲಿ ನಿದ್ದೆ ಎಳೆಯುವುದು ಇದೆಯಾ? ಹಾಗಿದ್ದರೆ ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಎರಡೂ ಬಾಗಿಲು ತೆಗೆದು ದೂರ ಹೋಗಿ ನಿಲ್ಲಿ. “ಮನೆ ಇನ್ನು ಹತ್ತೇ ಕಿಲೋಮೀಟರ್” ಅಂತ ಓಡಿಸಬೇಡಿ. ಯಾರಿಗಾದರೂ ಮಾತು ತೊದಲಿದರೆ, ಎದ್ದು ನಿಲ್ಲಲಾಗದಿದ್ದರೆ 108ಕ್ಕೆ ಫೋನ್ ಮಾಡಿ, ಗಾಡಿ ಹೊಗೆ ಕುಡಿದಿರಬಹುದು ಅಂತ ಬಾಯಿಬಿಟ್ಟು ಹೇಳಿ.

ಹಾಗೆ ಹೇಳುವುದಕ್ಕೆ ಕಾರಣ ಇದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತಕ್ಕೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಒಳ್ಳೆ ಗಾಳಿಯಲ್ಲಿ ಕೂತರೂ ಅರ್ಧದಷ್ಟು ಹೊರಗೆ ಹೋಗಲು ನಾಲ್ಕೈದು ಗಂಟೆ ಬೇಕು. ಬೆರಳಿಗೆ ಸಿಕ್ಕಿಸುವ ಮಾಮೂಲಿ ಆಕ್ಸಿಮೀಟರ್ ಈ ವಿಷವನ್ನೂ ಆಮ್ಲಜನಕ ಅಂತಲೇ ಎಣಿಸಿ 98 ತೋರಿಸಿಬಿಡಬಹುದು. ಅದನ್ನು ನೋಡಿ ಸಮಾಧಾನ ಪಡಬೇಡಿ. ಆಸ್ಪತ್ರೆಯಲ್ಲಿ ಇದಕ್ಕೆ ಬೇರೆ ರಕ್ತ ಪರೀಕ್ಷೆ ಮಾಡುತ್ತಾರೆ, ಆಮ್ಲಜನಕ ಕೊಡುತ್ತಾರೆ.

ಡೀಸೆಲ್ ಎಂಜಿನ್ ಪೆಟ್ರೋಲ್ ಎಂಜಿನ್‌ಗಿಂತ ಕಮ್ಮಿ ಮಾನಾಕ್ಸೈಡ್ ಬಿಡುತ್ತದೆ, ನಿಜ. ಅಷ್ಟಕ್ಕೇ ಡೀಸೆಲ್ ಹೊಗೆ ಪರವಾಗಿಲ್ಲ ಅನ್ನುವ ಹಾಗಿಲ್ಲ. ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಇನ್ನೊಂದು ಮಾತು. ಡಿಸೆಂಬರ್, ಜನವರಿ ಚಳಿಯಲ್ಲಿ ಮಂಡಿ ಸಾಲಿನಲ್ಲಿ ಎಂಜಿನ್ ಆನ್ ಇಟ್ಟು, ಗ್ಲಾಸ್ ಏರಿಸಿ, ಕಂಬಳಿ ಹೊದ್ದು ಮಲಗುವವರನ್ನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಬೇಡ. ಚಳಿಗೆ ಇನ್ನೊಂದು ಕಂಬಳಿ ತನ್ನಿ.

ಎರಡು ತೂತಿನ ಲೆಕ್ಕ

ಕ್ಯಾಬಿನ್‌ಗೆ ಹೊಗೆ ಬರಬೇಕಾದರೆ ಎರಡು ತೂತು ಬೇಕು. ಒಂದು ಎಂಜಿನ್ ಅಥವಾ ಸೈಲೆನ್ಸರ್ ಕಡೆ, ಹೊಗೆ ಹೊರಗೆ ಬರುವ ತೂತು. ಇನ್ನೊಂದು ಕ್ಯಾಬಿನ್ ಕಡೆ, ಅದು ಒಳಗೆ ನುಗ್ಗುವ ತೂತು. ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಒಂದನ್ನು ಮುಚ್ಚಿ ಕಳಿಸುತ್ತಾರೆ. ನನ್ನ ಗಾಡಿಗೆ ಮೊದಲು ಬಾಗಿಲ ರಬ್ಬರ್ ಹೊಸದು ಹಾಕಿದರು. ಆಮೇಲೆ ಸೈಲೆನ್ಸರ್‌ಗೆ ವೆಲ್ಡಿಂಗ್ ಮಾಡಿದರು. ಎರಡಕ್ಕೂ ದುಡ್ಡು ಕೊಟ್ಟೆ. ವಾಸನೆ ಅಲ್ಲೇ ಇತ್ತು. ಯಾಕೆಂದರೆ ಎಲ್ಲಿ ಅಂತ ಎಲ್ಲರೂ ಹುಡುಕಿದರೇ ಹೊರತು, ಯಾವಾಗ ಅಂತ ಯಾರೂ ಕೇಳಲಿಲ್ಲ.

ಎರಡು ದಿನ ಸುಮ್ನೆ ಗಮನಿಸಿ. ಗ್ಲಾಸ್ ತೆಗೆದಾಗಲಾ, ಮುಚ್ಚಿದಾಗಲಾ? ನಿಂತಾಗಲಾ, ಓಡುವಾಗಲಾ? ಖಾಲಿ ಗಾಡಿಯಲ್ಲೂ ಬರುತ್ತದಾ, ಲೋಡ್ ಇದ್ದಾಗ ಮಾತ್ರನಾ? ಬ್ಲೋವರ್ (ಡ್ಯಾಶ್‌ಬೋರ್ಡ್‌ನಿಂದ ಗಾಳಿ ಬಿಡುವ ಫ್ಯಾನ್) ಹಾಕಿದರೆ ಏನಾಗುತ್ತದೆ? ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ಹೇಗಿದೆ? ಪೇಪರ್‌ನಲ್ಲಿ ಬರೆದಿಡಿ. ಮುಂದಿನದೆಲ್ಲ ಈ ಪೇಪರ್ ಮೇಲೆ ನಿಂತಿದೆ. ಆದರೆ ಮೇಲೆ ಹೇಳಿದ ಲಕ್ಷಣ ಒಂದಾದರೂ ಕಂಡಿದ್ದರೆ ಈ ಎರಡು ದಿನದ ಓಡಾಟ ನಿಮಗಲ್ಲ.

ಓಡುವಾಗ, ಗ್ಲಾಸ್ ಇಳಿಸಿದ್ದರೆ ಮಾತ್ರ ವಾಸನೆ

ಕೆಮ್ಮಣ್ಣಿನ ರಸ್ತೆಯಲ್ಲಿ ಹೋಗಿ ಬಂದ ಗಾಡಿಯ ಹಿಂಭಾಗ ನೋಡಿ. ಮುಂಭಾಗಕ್ಕಿಂತ ಅಲ್ಲೇ ಜಾಸ್ತಿ ಧೂಳು ಕೂತಿರುತ್ತದೆ. ಓಡುವ ಗಾಡಿಯ ಹಿಂದೆ ಗಾಳಿ ಸುಳಿಯಾಗಿ ವಾಪಸ್ ಗಾಡಿಯ ಕಡೆಗೇ ತಿರುಗುತ್ತದೆ. ಕ್ಯಾಬಿನ್‌ಗೂ ಲೋಡ್ ಬಾಡಿಗೂ ನಡುವಿನ ಸಂದಿಯಲ್ಲೂ ಇದೇ ಆಟ. ನೀವು ಗ್ಲಾಸ್ ಇಳಿಸಿದಾಗ ಒಳಗಿನ ಗಾಳಿಯನ್ನು ಹೊರಗಿನ ಗಾಳಿ ಎಳೆಯುತ್ತದೆ. ಆ ಜಾಗ ತುಂಬಲು ಹಿಂದಿನ ಸಂದಿಗಳಿಂದ ಹೊಗೆ ಒಳಗೆ ಬರುತ್ತದೆ. ಟಾರ್ಪಾಲ್ ಕಟ್ಟಿದ ದಿನ ವಾಸನೆ ಹೆಚ್ಚಾದರೂ ಅನುಮಾನ ಇದರ ಮೇಲೇ.

ಪರೀಕ್ಷೆ ಸುಲಭ. ಗ್ಲಾಸ್ ಪೂರ್ತಿ ಏರಿಸಿ, ಹೊರಗಿನ ಗಾಳಿ ತರುವ ಕಡೆ ಲಿವರ್ ತಿರುಗಿಸಿ, ಬ್ಲೋವರ್ ಎರಡನೇ ಪಾಯಿಂಟ್‌ಗೆ ಹಾಕಿ. ಒಳಗೆ ಗಾಳಿಯ ಒತ್ತಡ ಸ್ವಲ್ಪ ಏರುತ್ತದೆ. ವಾಸನೆ ಹೋದರೆ ಹೊಗೆ ಹಿಂದಿನಿಂದ ಅಥವಾ ಕೆಳಗಿನಿಂದ ಬರುತ್ತಿದೆ.

ಆಗ ನೋಡಬೇಕಾದ್ದು ಸೈಲೆನ್ಸರ್ ಪೈಪಿನ ತುದಿ. ಅದು ಬಾಡಿಯ ಅಂಚು ದಾಟಿ ಹೊರಗೆ ಬಂದಿದೆಯಾ? ಎಲ್ಲೋ ಕಲ್ಲಿಗೆ ತಗುಲಿ ತುದಿ ಮುರಿದು, ಹೊಗೆ ಬಾಡಿಯ ಅಡಿಯಲ್ಲೇ ಬಿಡುತ್ತಿದೆಯಾ? ಹೊಸ ಬಾಡಿ ಕಟ್ಟಿಸಿದಾಗ ಪೈಪ್ ಗಿಡ್ಡವಾಗಿ ಉಳಿದದ್ದೂ ಇರುತ್ತದೆ. ಆಮೇಲೆ ಹಿಂದಿನ ಗ್ಲಾಸಿನ ರಬ್ಬರ್ ಬೀಡಿಂಗ್ ಬೆರಳಿನಿಂದ ಒತ್ತಿ ನೋಡಿ. ಬಿಸಿಲಿಗೆ ಒಣಗಿ ಮೂಲೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಇವೆರಡೂ ದೊಡ್ಡ ಖರ್ಚಿನ ಕೆಲಸವಲ್ಲ.

ನಿಂತಾಗ ಜಾಸ್ತಿ, ಬ್ಲೋವರ್ ಹಾಕಿದರೆ ಇನ್ನೂ ಜಾಸ್ತಿ

ಇದು ಬಾನೆಟ್ ಒಳಗಿನ ಸೋರಿಕೆಯ ಗುರುತು. ಬಾನೆಟ್ ಇರುವ ಪಿಕಪ್‌ಗಳಲ್ಲಿ ಹೊರಗಿನ ಗಾಳಿ ಸೇದುವ ಜಾಗ ಸಾಮಾನ್ಯವಾಗಿ ವೈಪರ್ ಬುಡದಲ್ಲಿ, ಬಾನೆಟ್‌ನ ಹಿಂದಿನ ಅಂಚಿನಲ್ಲೇ ಇರುತ್ತದೆ. ಬಾನೆಟ್ ಒಳಗೆ ಹೊಗೆ ಸೋರಿದರೆ ಬ್ಲೋವರ್ ಅದನ್ನು ನೇರ ನಿಮ್ಮ ಮುಖಕ್ಕೆ ತಂದು ಬಿಡುತ್ತದೆ. ಓಡುವಾಗ ಎದುರು ಗಾಳಿ ಅದನ್ನು ಚದುರಿಸುತ್ತದೆ. ಟೋಲ್ ಗೇಟಿನಲ್ಲಿ, ಮಂಡಿ ಸಾಲಿನಲ್ಲಿ ಚದುರಿಸುವವರು ಯಾರೂ ಇಲ್ಲ.

ಮೊದಲು ಒಂದು ಮೋಸ ತಪ್ಪಿಸಿ. ಸಾಲಿನಲ್ಲಿ ಮುಂದಿನ ಲಾರಿಯ ಹೊಗೆಯೂ ಇದೇ ದಾರಿಯಲ್ಲಿ ಬರುತ್ತದೆ. ಒಂಟಿಯಾಗಿ, ಬಯಲಲ್ಲಿ ಗಾಡಿ ನಿಲ್ಲಿಸಿ ಪರೀಕ್ಷೆ ಮಾಡಿ. ಬಾನೆಟ್‌ನ ಹಿಂದಿನ ಅಂಚಿಗೆ ಒಂದು ಉದ್ದದ ರಬ್ಬರ್ ಇರುತ್ತದೆ. ಅದು ಕಿತ್ತುಹೋಗಿದ್ದರೆ ಹೊಸದು ಹಾಕಿಸಿ.

ಲಿವರ್ ಒಳಗಿನ ಗಾಳಿಗೆ ತಿರುಗಿಸಿದರೆ ವಾಸನೆ ನಿಲ್ಲಬಹುದು. ಅದು ಪರೀಕ್ಷೆ ಅಷ್ಟೇ, ರಿಪೇರಿ ಅಲ್ಲ. ಹಾಗೇ ಓಡಿಸಿಕೊಂಡು ಹೋದರೆ ಬೇರೆ ಸಂದಿಯಿಂದ ಒಳಗೆ ಬಂದದ್ದು ಒಳಗೇ ಸುತ್ತುತ್ತಿರುತ್ತದೆ.

ಲೋಡ್ ಇದ್ದಾಗ, ಏರು ಹತ್ತುವಾಗ. ಜೊತೆಗೆ ಟಿಕ್ ಟಿಕ್ ಸದ್ದು

ನನ್ನ ಗಾಡಿಯ ಕಾಯಿಲೆ ಇದೇ ಆಗಿತ್ತು. ಖಾಲಿ ಇದ್ದಾಗ ಏನೂ ಇಲ್ಲ. ಲೋಡ್ ಹಾಕಿಕೊಂಡು ಏರಿನಲ್ಲಿ ಮೂರನೇ ಗೇರ್‌ಗೆ ಇಳಿಸಿದರೆ ವಾಸನೆ. ಎಂಜಿನ್ ದುಡಿದಷ್ಟೂ ಹೊಗೆಯ ಒತ್ತಡ ಜಾಸ್ತಿ. ಸಣ್ಣ ಸಂದಿಯೂ ಆಗ ಬಾಯಿ ಬಿಡುತ್ತದೆ.

ಎಂಜಿನ್‌ನಿಂದ ಹೊಗೆ ಹೊರಡುವ ಮೊದಲ ಜಾಗ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಅದಕ್ಕೂ ಎಂಜಿನ್‌ನ ಮೇಲ್ಭಾಗವಾದ ಹೆಡ್‌ಗೂ ನಡುವೆ ಸಂದಿ ಮುಚ್ಚುವ ಪ್ಯಾಕಿಂಗ್ ಇರುತ್ತದೆ. ಬಿಸಿಗೆ ಹಿಗ್ಗಿ, ತಣ್ಣಗಾಗಿ ಕುಗ್ಗಿ, ಕೊನೆಗೆ ಒಂದು ಸ್ಟಡ್ (ಎರಡನ್ನೂ ಬಿಗಿಹಿಡಿಯುವ ಬೋಲ್ಟ್) ತುಂಡಾಗುತ್ತದೆ, ಪ್ಯಾಕಿಂಗ್ ಸುಡುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅನ್ನುತ್ತದೆ. ಹತ್ತು ನಿಮಿಷಕ್ಕೆ ಲೋಹ ಬಿಸಿಯಾಗಿ ಹಿಗ್ಗಿ ಸಂದಿ ಮುಚ್ಚಿ, ಸದ್ದು ನಿಂತುಹೋಗುತ್ತದೆ. ಗ್ಯಾರೇಜಿಗೆ ಬಿಸಿ ಗಾಡಿ ಒಯ್ದರೆ ಮೆಕ್ಯಾನಿಕ್‌ಗೆ ಏನೂ ಕೇಳಿಸುವುದಿಲ್ಲ. ಹಿಂದಿನ ರಾತ್ರಿಯೇ ಗಾಡಿ ಅಲ್ಲಿ ಬಿಟ್ಟು, ಬೆಳಗ್ಗೆ ಅವರೇ ಸ್ಟಾರ್ಟ್ ಮಾಡುವಂತೆ ಹೇಳಿ. ನನಗೆ ಇದು ಹೊಳೆದದ್ದು ಮೂರನೇ ಗ್ಯಾರೇಜಿನಲ್ಲಿ.

ನೀವೇ ನೋಡುವುದಾದರೆ ಎಂಜಿನ್ ಪೂರ್ತಿ ತಣ್ಣಗಿರಲಿ, ಆಫ್ ಆಗಿರಲಿ. ಟಾರ್ಚ್ ಹಿಡಿದು ಮ್ಯಾನಿಫೋಲ್ಡ್ ಜಾಯಿಂಟ್, ಟರ್ಬೊ ಜಾಯಿಂಟ್, ಅದರ ಕೆಳಗಿನ ಬಲೆಯಂಥ ಬಳುಕುವ ಪೈಪ್, ಇಜಿಆರ್ ಪೈಪ್ (ಸ್ವಲ್ಪ ಹೊಗೆಯನ್ನು ವಾಪಸ್ ಎಂಜಿನ್‌ಗೇ ತರುವ ಪೈಪ್) ನೋಡಿ. ಸೋರುವ ಕಡೆ ಬೀಸಿ ಹೊಡೆದಂತೆ ಕರಿ ಮಸಿ ಕೂತಿರುತ್ತದೆ. ಸೀಮೆಎಣ್ಣೆ ದೀಪದ ಗಾಜಿಗೆ ಹಿಡಿಯುವ ಕಾಡಿಗೆಯ ಥರ. ಅದು ಕಂಡರೆ ಅರ್ಧ ಕೆಲಸ ಮುಗಿಯಿತು.

ಕಾಣದಿದ್ದರೆ ಸೋಪಿನ ನೀರು. ಕಂಪ್ಯೂಟರ್ ಧೂಳು ಹೊಡೆಯುವ ಚಿಕ್ಕ ಬ್ಲೋವರ್ ತಗೊಂಡು, ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಗಾಳಿ ಬಿಡಿ. ಇನ್ನೊಬ್ಬರು ಜಾಯಿಂಟ್‌ಗಳ ಮೇಲೆ ಸೋಪಿನ ನೀರು ಸ್ಪ್ರೇ ಮಾಡಲಿ. ಗುಳ್ಳೆ ಏಳುವ ಕಡೆ ಸೋರಿಕೆ. ಎಂಜಿನ್ ಆಫ್ ಆಗಿ ತಣ್ಣಗಿರುವುದರಿಂದ ಕೈ ಸುಡುವ ಭಯವಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿಗಳಲ್ಲಿ ನಡುವೆ ಮಸಿ ಹಿಡಿಯುವ ಫಿಲ್ಟರ್ ಇರಬಹುದು. ಅದು ಗಾಳಿ ತಡೆಯುತ್ತದೆ, ಹಾಗಾಗಿ ಎಂಜಿನ್ ಕಡೆ ಗುಳ್ಳೆ ಸರಿಯಾಗಿ ಏಳದೇ ಇರಬಹುದು. ಬಿಸಿ ಮ್ಯಾನಿಫೋಲ್ಡ್ ಮೇಲೆ ಮಾತ್ರ ನೀರು ಬಿಡಬೇಡಿ. ಬೀಡು ಕಬ್ಬಿಣ ಬಿರುಕು ಬಿಡುತ್ತದೆ.

ಗಾಡಿಯ ಅಡಿಗೆ ಹೋಗುವುದಿದ್ದರೆ ಬರೀ ಜಾಕ್ ನಂಬಿ ಹೋಗಬೇಡಿ. ಲೋಡ್ ಇಳಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಸ್ಟ್ಯಾಂಡ್ ಇಟ್ಟ ಮೇಲೆ ಹೋಗಿ. ಇಲ್ಲವೇ ಗ್ಯಾರೇಜಿನ ಗುಂಡಿ ಮೇಲೆ ನಿಲ್ಲಿಸಿ. ತುಂಡಾದ ಸ್ಟಡ್ ತೆಗೆಯುವುದು ಮನೆ ಕೆಲಸವಲ್ಲ. ಹೆಡ್‌ಗೇ ಪೆಟ್ಟಾದರೆ ಖರ್ಚು ಎಲ್ಲಿಗೋ ಹೋಗುತ್ತದೆ.

ಸುಟ್ಟ ಎಣ್ಣೆಯ ವಾಸನೆ

ಬಾಣಲೆಯಲ್ಲಿ ಎಣ್ಣೆ ಹೊತ್ತಿದಂಥ ವಾಸನೆ. ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್ ಸೋರಿ, ಆಯಿಲ್ ಹನಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿರುತ್ತದೆ. ಆಯಿಲ್ ಬದಲಿಸಿದ ದಿನ ಚೆಲ್ಲಿದ್ದರೂ ಹೀಗೇ ಬರುತ್ತದೆ. ಒಂದೆರಡು ದಿನದಲ್ಲಿ ಹೋದರೆ ಚಿಂತೆ ಇಲ್ಲ. ಹೋಗದಿದ್ದರೆ ತಡ ಮಾಡಬೇಡಿ. ಬೆಂಕಿ ಹತ್ತುವುದಕ್ಕೂ ಇಂಥ ಸೋರಿಕೆ ಸಾಕು.

ಹಳೇ ಎಂಜಿನ್ ಆದರೆ ಬ್ರೀದರ್ ಪೈಪ್ ನೋಡಿ. ಪಿಸ್ಟನ್ ರಿಂಗ್ ಸವೆದಾಗ ಉರಿದ ಗಾಳಿ ಕೆಳಗಿಳಿದು ಆ ಪೈಪಿನಿಂದ ಹೊಗೆಯಾಗಿ ಬರುತ್ತದೆ. ಆ ಪೈಪ್ ಕಳಚಿ ಬಾನೆಟ್ ಒಳಗೇ ನೇತಾಡುತ್ತಿದ್ದರೆ ಸಿಕ್ಕಿಸಿ. ಎಂಜಿನ್ ಐಡಲ್‌ನಲ್ಲಿದ್ದಾಗ ಆಯಿಲ್ ಹಾಕುವ ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಎಣ್ಣೆ ಚಿಮ್ಮಬಹುದು, ಮುಖ ದೂರ ಇರಲಿ. ಬೀಡಿ ಎಳೆದು ಬಿಟ್ಟಂತೆ ಸ್ವಲ್ಪ ಆವಿ ಬಂದರೆ ಮಾಮೂಲಿ. ಬುಸ್ ಬುಸ್ ಅಂತ ತಳ್ಳುತ್ತಿದ್ದರೆ ಎಂಜಿನ್ ಕೆಲಸ ಹತ್ತಿರ ಬಂದಿದೆ.

ಹಸಿ ಡೀಸೆಲ್ ವಾಸನೆ

ಉರಿಯದ ಡೀಸೆಲ್ ವಾಸನೆ ಬೇರೆ, ಹೊಗೆ ಬೇರೆ. ಡೀಸೆಲ್ ಫಿಲ್ಟರ್ ಬದಲಿಸಿದ ಮರುದಿನ ಶುರುವಾಗಿದ್ದರೆ ಆ ಫಿಲ್ಟರ್‌ನ ರಬ್ಬರ್ ರಿಂಗನ್ನೇ ಮೊದಲು ನೋಡಿ. ಇಲ್ಲವಾದರೆ ನಾಝಲ್‌ಗಳ (ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಮೇಲಿನ ತೆಳ್ಳಗಿನ ರಿಟರ್ನ್ ಪೈಪ್. ಅದು ಬಿಸಿಗೆ ಗಟ್ಟಿಯಾಗಿ ತೇವ ಬಿಡುತ್ತದೆ.

ನಾಝಲ್ ಬುಡದಲ್ಲಿ ಟಾರಿನ ಥರ ಕರಿ ಗಟ್ಟಿ ಕೂತು, ಚುಕ್ ಚುಕ್ ಸದ್ದು ಬರುತ್ತಿದ್ದರೆ ತಾಮ್ರದ ವಾಷರ್ ಹೋಗಿದೆ. ಅದು ಸೋರುವುದು ಉರಿದ ಹೊಗೆಯನ್ನೇ. ಇದು ತಿಂಗಳುಗಟ್ಟಲೆ ಬಿಟ್ಟರೆ ನಾಝಲ್ ಕಿತ್ತರೂ ಬರದಂತೆ ಕಚ್ಚಿಕೊಳ್ಳುತ್ತದೆ.

ಎಂಜಿನ್ ಓಡುವಾಗ ನಾಝಲ್‌ಗೆ ಹೋಗುವ ಲೋಹದ ಪೈಪ್‌ಗಳ ಹತ್ತಿರ ಕೈ ಆಡಿಸಬೇಡಿ. ಈಗಿನ ಕಾಮನ್ ರೇಲ್ ಡೀಸೆಲ್ ಎಂಜಿನ್‌ನಲ್ಲಿ ಒತ್ತಡ 1,000 ಬಾರ್ ದಾಟುತ್ತದೆ. ಕಣ್ಣಿಗೆ ಕಾಣದ ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು. ಈ ಲೈನಿನ ಕೆಲಸ ಮೆಕ್ಯಾನಿಕ್‌ಗೇ ಬಿಡಿ.

ಪೆಟ್ರೋಲ್ ಅಥವಾ ಸಿಎನ್‌ಜಿ ವಾಸನೆ ಬಂದರೆ ಹುಡುಕಾಟವೇ ಬೇಡ. ಗಾಡಿ ಆಫ್, ಬೀಡಿ ಸಿಗರೇಟ್ ಇಲ್ಲ, ಒಳಗಿನ ಯಾವ ಸ್ವಿಚ್ಚೂ ಮುಟ್ಟಬೇಡಿ. ಬಾಗಿಲು ತೆಗೆದಿಟ್ಟು, ಕೈಗೆ ಸಿಗುವಂತಿದ್ದರೆ ಸಿಲಿಂಡರಿನ ವಾಲ್ವ್ ಮುಚ್ಚಿ ದೂರ ನಿಲ್ಲಿ.

ಸೋರಿಕೆ ಸಿಗಲಿ ಬಿಡಲಿ, ಕ್ಯಾಬಿನ್ ಕಡೆಯ ತೂತು ಹುಡುಕಿ

ಇದು ರಾತ್ರಿ ಮಾಡುವ ಕೆಲಸ. ಎಂಜಿನ್ ಆಫ್ ಮಾಡಿ, ಕತ್ತಲಲ್ಲಿ ನೀವು ಕ್ಯಾಬಿನ್ ಒಳಗೆ ಕೂತು ಬಾಗಿಲು ಹಾಕಿಕೊಳ್ಳಿ. ಮ್ಯಾಟ್ ಎಲ್ಲ ಹೊರಗೆ ತೆಗೆದಿರಲಿ. ಹೊರಗೆ ಒಬ್ಬರು ಒಳ್ಳೆ ಬೆಳಕಿನ ಟಾರ್ಚ್ ಹಿಡಿದು ಬಾನೆಟ್ ಒಳಗಿನಿಂದ, ಚಕ್ರದ ಕಮಾನಿನಿಂದ, ಬಾಗಿಲಿನ ಅಂಚಿನ ಸುತ್ತ ನಿಧಾನಕ್ಕೆ ಬೆಳಕು ಆಡಿಸಲಿ. ಒಳಗೆ ಚುಕ್ಕೆ ಕಂಡಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ನಾನು ಮಾಡಿದ ದಿನ ಡ್ಯಾಶ್‌ಬೋರ್ಡ್ ಅಡಿಯಲ್ಲಿ, ಆಕ್ಸಿಲರೇಟರ್ ಪೆಡಲ್ ಮೇಲೆ ರೂಪಾಯಿ ನಾಣ್ಯದಷ್ಟು ದೊಡ್ಡ ಬೆಳಕು ಬಿತ್ತು. ಮುಂದೆ ಎರಡು ಹೆಚ್ಚಿನ ಲೈಟ್ ಹಾಕಿಸಿದಾಗ ವೈರ್ ಎಳೆಯಲು ಅಂಗಡಿಯವರು ಕೊರೆದ ತೂತು. ವೈರ್ ಸುತ್ತ ತೂತು ಮುಚ್ಚುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್ ಹಾಕಿರಲೇ ಇಲ್ಲ. ಆ ತೂತಿನ ಆಚೆ ಕಡೆ ಒಂದು ಗೇಣು ದೂರದಲ್ಲಿ ಮ್ಯಾನಿಫೋಲ್ಡ್.

ಎಕ್ಸ್ಟ್ರಾ ಹಾರ್ನ್, ಲೈಟ್, ಮ್ಯೂಸಿಕ್ ಸಿಸ್ಟಮ್, ಜಿಪಿಎಸ್ ಹಾಕಿಸಿದವರೆಲ್ಲ ಮೊದಲು ಅಲ್ಲೇ ನೋಡಿ. ಆಮೇಲೆ ಕ್ಲಚ್ ಕೇಬಲ್ ಅಥವಾ ಕ್ಲಚ್ ಪೈಪ್ ಒಳಗೆ ಬರುವ ಜಾಗ, ಸ್ಟೀರಿಂಗ್ ರಾಡ್ ಬುಡ, ಗೇರ್ ಲಿವರಿನ ರಬ್ಬರ್ ಬೂಟು. ಗೇರ್ ಬೂಟು ಮೇಲಿನದು ಚೆನ್ನಾಗಿದ್ದು ಒಳಗಿನದು ಹರಿದಿರುತ್ತದೆ, ಎತ್ತಿಯೇ ನೋಡಬೇಕು. ಸೀಟಿನ ಕೆಳಗೇ ಎಂಜಿನ್ ಇರುವ ಚಿಕ್ಕ ಗಾಡಿಗಳಲ್ಲಿ ಸೀಟ್ ಅಡಿಯ ಮುಚ್ಚಳದ ಸುತ್ತಲಿನ ಸ್ಪಾಂಜ್ ಪಟ್ಟಿಯೇ ದೊಡ್ಡ ಬಾಗಿಲು. ಸರ್ವಿಸ್‌ಗೆ ಎತ್ತಿದಾಗಲೆಲ್ಲ ಅದು ಹರಿಯುತ್ತದೆ, ಯಾರೂ ಬದಲಿಸುವುದಿಲ್ಲ.

ಬಾಗಿಲ ರಬ್ಬರ್‌ಗೆ ಒಂದು ಹಳೇ ಉಪಾಯ. ಹಾಳೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಗಾಳಿ ಆಡುತ್ತದೆ. ಊದುಬತ್ತಿ ಹಚ್ಚಿ ಹುಡುಕುವವರೂ ಇದ್ದಾರೆ. ಡೀಸೆಲ್, ಪೆಟ್ರೋಲ್, ಗ್ಯಾಸ್ ವಾಸನೆ ಎಳ್ಳಷ್ಟು ಇದ್ದರೂ ಅದು ಬೇಡ. ಟಾರ್ಚ್ ಸಾಕು.

ತೂತಿಗೆ ಸರಿಯಾದ ಅಳತೆಯ ಗ್ರಾಮೆಟ್ ಹಾಕಿ. ಬಟ್ಟೆ, ಥರ್ಮಾಕೋಲ್ ತುರುಕಬೇಡಿ, ಬಿಸಿಗೆ ಹತ್ತಿಕೊಳ್ಳುತ್ತವೆ.

ಹೊಗೆಯಂತೆ ಕಂಡರೂ ಹೊಗೆಯಲ್ಲದವು

ಸಿಹಿ ವಾಸನೆ, ಮುಂದಿನ ಗ್ಲಾಸ್ ಒಳಗಡೆ ಜಿಡ್ಡು ಮಂಜು, ಎಡಗಡೆ ಮ್ಯಾಟ್ ಒದ್ದೆ: ಹೀಟರ್‌ನಿಂದ ಕೂಲೆಂಟ್ ಸೋರುತ್ತಿದೆ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಕೊಳೆತ ಮೊಟ್ಟೆ ವಾಸನೆ ಬಂದು ಬ್ಯಾಟರಿ ಮುಟ್ಟಲಾಗದಷ್ಟು ಬಿಸಿ ಇದ್ದರೆ ಚಾರ್ಜಿಂಗ್ ಹದ ತಪ್ಪಿದೆ. ಏರಿನಲ್ಲಿ ಪೇಪರ್ ಸುಟ್ಟಂತೆ ಬಂದರೆ ಕ್ಲಚ್. ಮೂತ್ರದಂಥ ಘಾಟು ಬಂದರೆ, ಯೂರಿಯಾ ದ್ರವ ಹಾಕುವ ಬಿಎಸ್ 6 ಗಾಡಿಯಲ್ಲಿ ಆ ಲೈನ್ ನೋಡಿಸಿ. ಮಸಿ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವಾಗ ಐಡಲ್ ಏರಿ, ಹೊರಗೆ ಕಮಟು ವಾಸನೆ ಬರುತ್ತದೆ. ಅದು ದೋಷವಲ್ಲ. ಆದರೆ ಆಗ ಫಿಲ್ಟರ್ ಒಳಗಿನ ಬಿಸಿ 600 ಡಿಗ್ರಿಯ ಆಸುಪಾಸು ಹೋಗುತ್ತದೆ. ರಾಗಿ ಹುಲ್ಲಿನ ಮೇಲೆ, ಮಾವಿನ ತೋಪಿನ ಒಣ ಎಲೆ ಮೇಲೆ ಗಾಡಿ ನಿಲ್ಲಿಸಬೇಡಿ.

ಗ್ಯಾರೇಜಿನಲ್ಲಿ ಮತ್ತು ಆಮೇಲೆ

“ಎಮಿಷನ್ ಟೆಸ್ಟ್ ಪಾಸಾಗಿದೆಯಲ್ಲ” ಅಂತ ಹೇಳಿಸಿಕೊಂಡು ಬರಬೇಡಿ. ಆ ಪರೀಕ್ಷೆ ನೋಡುವುದು ಸೈಲೆನ್ಸರ್ ತುದಿಯಲ್ಲಿ ಬರುವ ಹೊಗೆಯನ್ನು. ನಡುದಾರಿಯಲ್ಲಿ ಸೋರಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ಪೇಪರ್ ಕೊಡಿ: ಯಾವಾಗ, ಎಷ್ಟು ಲೋಡ್, ಗ್ಲಾಸ್ ಹೇಗಿತ್ತು, ಸದ್ದು ಇತ್ತಾ. ಸೋರಿಕೆ, ತೂತು ಎರಡನ್ನೂ ಮುಚ್ಚಿಸಿ.

ಪ್ಯಾಕಿಂಗ್ ಬದಲಿಸಿದ ಮೊದಲ ಓಟದಲ್ಲಿ ಮೆತ್ತಿದ್ದ ಆಯಿಲ್, ಗ್ರೀಸ್ ಸುಟ್ಟ ವಾಸನೆ ಸ್ವಲ್ಪ ಹೊತ್ತು ಬರುತ್ತದೆ. ಗ್ಲಾಸ್ ಇಳಿಸಿಕೊಂಡು ಓಡಿಸಿ. ಮರುದಿನವೂ ಇದ್ದರೆ ವಾಪಸ್ ಹೋಗಿ.

ಮಾನಾಕ್ಸೈಡ್ ಮೀಟರ್ ಕೊಳ್ಳುವುದಾದರೆ ಅಂಕಿ ತೋರಿಸುವಂಥದ್ದೇ ಕೊಳ್ಳಿ. ಮನೆಗೆ ಮಾಡಿದ ಅಲಾರಾಂಗಳು ಅಮೆರಿಕದ ಮಾನದಂಡದ ಪ್ರಕಾರ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 70 ಪಾಲು) ಇದ್ದರೂ ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗುವಂತೆ ಮಾಡಿರುತ್ತಾರೆ. ಅಷ್ಟರಲ್ಲಿ ನೀವು ಮುಳಬಾಗಿಲು ದಾಟಿ ಆಂಧ್ರದಲ್ಲಿರುತ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಎಂಟು ಗಂಟೆಗೆ ಹೇಳುವ ಮಿತಿ ಸುಮಾರು 9 ಪಿಪಿಎಂ. ಬಯಲಲ್ಲಿ ಸೊನ್ನೆ ತೋರಿಸುವ ಮೀಟರ್, ಗ್ಲಾಸ್ ಮುಚ್ಚಿ ಎಂಜಿನ್ ಆನ್ ಮಾಡಿದ ಮೇಲೆ ಏರುತ್ತಲೇ ಹೋದರೆ ಅಂಕಿ ಚಿಕ್ಕದಿದ್ದರೂ ಇಳಿದುಬಿಡಿ.

ನನ್ನ ಗಾಡಿಗೆ ಕೊನೆಗೆ ಆದದ್ದು ಒಂದು ಸ್ಟಡ್, ಒಂದು ಪ್ಯಾಕಿಂಗ್, ಒಂದು ಗ್ರಾಮೆಟ್. ಮೂರರಲ್ಲಿ ತೀರಾ ಅಗ್ಗ ಗ್ರಾಮೆಟ್. ಆ ವಾರ ಅದೇ ಹುಡುಗ ಮತ್ತೆ ಗಾಡಿ ಹತ್ತಿದ. ಏನೂ ಹೇಳದೆ ಗ್ಲಾಸ್ ಏರಿಸಿ ಹತ್ತು ನಿಮಿಷ ಕೂರಿಸಿದೆ. “ಏನಾಯ್ತೋ?” ಅಂದೆ. “ಟೊಮೆಟೊ ವಾಸನೆ ಬರ್ತಿದೆ ಅಣ್ಣಾ” ಅಂದ.